ಬ್ಯಾಂಕಿನಲ್ಲಿ 14 ಲಕ್ಷ ಇದೆ, ಸಂಬಳಕ್ಕೆ ಯಾಕಿಲ್ಲ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪದವಿ ಕಾಲೇಜಿನಲ್ಲಿ ಅಕೌಂಟ್ಸ್ ಸೂಪರಿಂಟೆಂಡೆಂಟ್. ಮೂರು ವರ್ಷದ ಹಿಂದೆ 900 ಮಕ್ಕಳಿದ್ದರು. ಈಗ ಅಂತಿಮ ವರ್ಷದಲ್ಲಿ 200, ಎರಡನೇ ವರ್ಷದಲ್ಲಿ 170, ಮೊದಲ ವರ್ಷದಲ್ಲಿ 150. ಸರ್ಕಾರದ ಸಂಬಳ ಪಡೆಯುವವರು 9 ಜನ ಮಾತ್ರ ಉಳಿದಿದ್ದಾರೆ. ಮ್ಯಾನೇಜ್‌ಮೆಂಟ್ ಸಂಬಳದವರು 22 ಜನ, ಅವರಿಗೆ ತಿಂಗಳಿಗೆ 3.8 ಲಕ್ಷ ಬೇಕು. ಎರಡು ತಿಂಗಳಿಂದ ಕೊಟ್ಟಿಲ್ಲ. ಬ್ಯಾಂಕಿನಲ್ಲಿ 14 ಲಕ್ಷ ತೋರಿಸುತ್ತಿದೆ. ಅಧ್ಯಕ್ಷರು "ದುಡ್ಡಿದೆಯಲ್ಲ, ಪಿಎಫ್ ಈ ಸಲ ಬಿಡಿ, ಸಂಬಳ ಹಾಕಿ" ಎನ್ನುತ್ತಾರೆ. ಪ್ರಿನ್ಸಿಪಾಲರು "ಸಿಬ್ಬಂದಿಗೆ ನೀವೇ ಹೇಳಿಬಿಡಿ" ಎನ್ನುತ್ತಾರೆ. ಎಲ್ಲರೂ ನನ್ನ ಟೇಬಲ್ ಮುಂದೆ ನಿಲ್ಲುತ್ತಾರೆ. ನಾನು ಲೆಕ್ಕ ಬರೆಯೋನು, ಲೀಡರ್ ಅಲ್ಲ. ಏನು ಮಾಡಲಿ?

ಉತ್ತರ: ಪಿಎಫ್ ಬಿಡಬೇಡಿ. ಉಳಿದದ್ದನ್ನೆಲ್ಲ ಆಮೇಲೆ ಮಾತಾಡೋಣ.

ಕಾರಣ ಸರಳ. ಸಿಬ್ಬಂದಿಯ ಸಂಬಳದಿಂದ ಹಿಡಿದ ಆ 12 ಶೇಕಡಾ ಅವರದೇ ದುಡ್ಡು. ಮುಂದಿನ ತಿಂಗಳ 15ರೊಳಗೆ ಅದನ್ನು ಕಟ್ಟಬೇಕು. ತಡವಾದರೆ ವರ್ಷಕ್ಕೆ 12 ಶೇಕಡಾ ಬಡ್ಡಿ, ಅದರ ಮೇಲೆ ದಂಡ. ಹಿಡಿದುಕೊಂಡು ಕಟ್ಟದೇ ಇದ್ದರೆ ನಂಬಿಕೆ ದ್ರೋಹದ ಕ್ರಿಮಿನಲ್ ಕೇಸಿನವರೆಗೂ ಹೋಗಬಹುದು. "ಸಂಬಳವೇ ಕೊಟ್ಟಿಲ್ಲ, ಹಾಗಾಗಿ ಪಿಎಫ್ ಇಲ್ಲ" ಅನ್ನೋ ವಾದವೂ ನಡೆಯುವುದಿಲ್ಲ. ಕೊಡಬೇಕಾದ ಸಂಬಳದ ಮೇಲೂ ಪಿಎಫ್ ಬಾಕಿ ಕೂರುತ್ತದೆ.

ಈಗ ಆ 14 ಲಕ್ಷಕ್ಕೆ ಬರೋಣ. ನೀವು ಪತ್ರದ ಜೊತೆ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಲೆಕ್ಕಗಳಲ್ಲಿ ಉಳಿದ ಮೊತ್ತದ ಪಟ್ಟಿ) ಕಳಿಸಿದ್ದು ಒಳ್ಳೆಯದಾಯಿತು. ಅದನ್ನು ಬಿಡಿಸಿ ನೋಡಿದೆ. ಮಕ್ಕಳಿಗೆ ವಾಪಸ್ ಕೊಡಬೇಕಾದ ಕಾಷನ್ ಡಿಪಾಸಿಟ್ 3.1 ಲಕ್ಷ. ಎನ್ನೆಸ್ಸೆಸ್ಸು, ಪ್ರಾಜೆಕ್ಟು ಅಂತ ಇಂಥದ್ದಕ್ಕೇ ಎಂದು ಬಂದ ಅನುದಾನದಲ್ಲಿ ಉಳಿದದ್ದು 2.2 ಲಕ್ಷ. ದತ್ತಿ ಬಹುಮಾನಕ್ಕೆಂದು ಊರಿನವರು ಕೊಟ್ಟದ್ದು 1.8 ಲಕ್ಷ. ಪ್ರವೇಶ ಶುಲ್ಕದಲ್ಲಿ ವಿಶ್ವವಿದ್ಯಾಲಯದ ಪಾಲು 1.5 ಲಕ್ಷ, ಇನ್ನೂ ಕಟ್ಟಿಲ್ಲ. ಪಿಎಫ್, ಇಎಸ್‌ಐ, ಟಿಡಿಎಸ್ ಸೇರಿ 1.4 ಲಕ್ಷ. ಒಟ್ಟು 10 ಲಕ್ಷ ಬೇರೆಯವರದು. ಕಾಲೇಜಿನದು ಅಂತ ಇರುವುದು 4 ಲಕ್ಷ. ಅಂದರೆ ಒಂದು ತಿಂಗಳ ಸಂಬಳ, ಜೊತೆಗೆ ಕರೆಂಟ್ ಬಿಲ್ಲು.

ಅಧ್ಯಕ್ಷರು ಸುಳ್ಳು ಹೇಳುತ್ತಿಲ್ಲ, ನೋಡಿ. ಅವರಿಗೆ ಕಾಣುತ್ತಿರುವುದು ಪಾಸ್‌ಬುಕ್. ನಿಮಗೆ ಕಾಣುತ್ತಿರುವುದು ಲೆಡ್ಜರ್. ಆ ಎರಡರ ನಡುವಿನ 10 ಲಕ್ಷವನ್ನು ಅವರ ಕಣ್ಣಿಗೆ ಯಾರೂ ತೋರಿಸಿಲ್ಲ. ತೋರಿಸಬೇಕಾದವರು ನೀವು. ಲೀಡರ್ ಅಲ್ಲ ಎಂದಿರಿ. ದುಡ್ಡು ಕಮ್ಮಿ ಬಿದ್ದಾಗ ಲೆಕ್ಕದವರಿಂದ ಬೇಕಾಗಿರುವ ನಾಯಕತ್ವ ಬಹುಪಾಲು ಇಷ್ಟೇ: ಇದು ಯಾರ ದುಡ್ಡು, ಎಷ್ಟು ದಿನಕ್ಕೆ ಸಾಕು ಎನ್ನುವುದನ್ನು ಬೇರೆಯವರು ಕೇಳುವ ಮೊದಲೇ ಬಾಯಿಬಿಟ್ಟು ಹೇಳುವುದು. ಕಷ್ಟದ ಕೆಲಸ. ನಾನು ಒಮ್ಮೆ ಮಾಡದೇ ಕೆಟ್ಟಿದ್ದೇನೆ.

ಅದು ಬಹಳ ಹಿಂದಿನ ಮಾತು. ಆಗ ಯುಯುಸಿಎಂಎಸ್ ಎನ್ನುವ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ ಇರಲಿಲ್ಲ. ಪರೀಕ್ಷಾ ಶುಲ್ಕವನ್ನು ಕೌಂಟರಿನಲ್ಲಿ ಕ್ಯಾಶ್ ತಗೊಂಡು, ಒಟ್ಟು ಮಾಡಿ ಡಿಡಿ ತೆಗೆದು ಕಳಿಸುತ್ತಿದ್ದೆವು. ಒಂದು ಕಾಲೇಜಿನಲ್ಲಿ ನಾನು ಲೆಕ್ಕ ನೋಡುತ್ತಿದ್ದೆ. ದಸರಾಗೆ ಮೊದಲು ಸಂಬಳ ಆಗಲೇಬೇಕು ಅಂತ ಕಾರ್ಯದರ್ಶಿಗಳ ಹಠ. ಖಾತೆಯಲ್ಲಿ ಪರೀಕ್ಷಾ ಶುಲ್ಕದ ದುಡ್ಡು ಬಿದ್ದಿತ್ತು. "ಎರಡು ವಾರದಲ್ಲಿ ಸ್ಕಾಲರ್‌ಶಿಪ್ ಬರುತ್ತೆ, ತುಂಬಿಬಿಡೋಣ" ಎಂದರು. ನಾನೂ ಚೆಕ್ ಬರೆದೆ. ಯಾರಿಗೂ ಹೇಳಲಿಲ್ಲ. ಸ್ಕಾಲರ್‌ಶಿಪ್ ಬರಲಿಲ್ಲ. ಡಿಡಿಯ ಕೊನೆಯ ದಿನ ಬಂತು, ದಂಡ ಸಹಿತ ಕಟ್ಟುವ ದಿನವೂ ಬಂತು. ಕೊನೆಗೆ ಕಮಿಟಿಯವರೊಬ್ಬರು ಮನೆಯ ಒಡವೆ ಅಡ ಇಟ್ಟು ದುಡ್ಡು ತಂದರು. ಹಾಲ್ ಟಿಕೆಟ್ ಬಂದದ್ದು ಪರೀಕ್ಷೆಯ ಹಿಂದಿನ ದಿನ. ಆ ರಾತ್ರಿ ಒಬ್ಬ ಹುಡುಗನ ಅಪ್ಪ ನನ್ನ ಮನೆ ಬಾಗಿಲಿಗೆ ಬಂದು "ಸಾರ್, ನಾವು ದುಡ್ಡು ಕಟ್ಟಿದ್ದೆವಲ್ಲಾ?" ಅಂತ ಕೇಳಿದರು. ಜಗಳ ಆಡಲಿಲ್ಲ, ಸುಮ್ನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಬೇರೆಯವರ ದುಡ್ಡಿಗೆ ಬೇರೆ ಖಾತೆ. ಕಾಷನ್ ಡಿಪಾಸಿಟ್, ದತ್ತಿ, ಅನುದಾನ ಮೂರನ್ನೂ ಚಾಲ್ತಿ ಖಾತೆಯಿಂದ ಹೊರಗೆ ಇಡುವುದು. ಖಾತೆ ಬೇರೆ ಆದ ಕೂಡಲೇ ಪಾಸ್‌ಬುಕ್ ತಾನಾಗಿಯೇ ನಿಜ ಹೇಳಲು ಶುರುಮಾಡುತ್ತದೆ. ಅಧ್ಯಕ್ಷರಿಗೆ 14 ಅಲ್ಲ, 4 ಕಾಣುತ್ತದೆ. ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಉಳಿದರ್ಧಕ್ಕೆ ಒಂದು ಪುಟ ಬರೆಯಿರಿ. ಒಂದೇ ಪುಟ. ಆಡಳಿತ ಮಂಡಳಿಯಲ್ಲಿ ಅಡಿಕೆ ಮಂಡಿಯವರು, ವಕೀಲರು, ನಿವೃತ್ತ ಮೇಷ್ಟ್ರು ಇರುತ್ತಾರೆ. ಅವರಿಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ 40 ಪುಟದ ಪ್ರಿಂಟ್ ಕೊಟ್ಟರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಈಗಿನಿಂದ ಮುಂದಿನ ಜೂನ್‌ವರೆಗೆ ತಿಂಗಳು ತಿಂಗಳಾಗಿ ಮೂರು ಕಾಲಂ ಹಾಕಿ: ಬರುವುದು, ಹೋಗುವುದು, ಉಳಿಯುವುದು. ಕಾಲೇಜಿನ ದುಡ್ಡು ಮುಂಗಾರಿನ ಲೆಕ್ಕದ್ದು. ಪ್ರವೇಶದ ಸಮಯದಲ್ಲಿ ಕೆರೆ ತುಂಬುತ್ತದೆ, ದೀಪಾವಳಿ ಹೊತ್ತಿಗೆ ತೂಬು ಕಾಣುತ್ತದೆ. ಯಾವ ತಿಂಗಳಲ್ಲಿ "ಉಳಿಯುವುದು" ಕಾಲಂ ಸೊನ್ನೆಗಿಂತ ಕೆಳಗೆ ಹೋಗುತ್ತದೋ ಆ ತಿಂಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಮೀಟಿಂಗಿನಲ್ಲಿ ಆ ಸುತ್ತಿನ ಬಗ್ಗೆ ಮಾತ್ರ ಮಾತಾಡಿ.

ಆ ಪುಟದ ಕೆಳಗೆ ಇನ್ನೊಂದು ಸಣ್ಣ ಲೆಕ್ಕ ಇರಲಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಎಲ್ಲರೂ "520ಕ್ಕೆ ಇಳಿದಿದೆ" ಎನ್ನುತ್ತಿದ್ದೀರಿ. ಇಳಿತ ನಿಂತಿಲ್ಲ. ಮುಂದಿನ ವರ್ಷವೂ 150 ಮಕ್ಕಳೇ ಸೇರಿದರು ಎಂದಿಟ್ಟುಕೊಳ್ಳಿ. ಈಗಿನ 200ರ ಬ್ಯಾಚ್ ಹೊರಗೆ ಹೋಗುತ್ತದೆ, 150 ಒಳಗೆ ಬರುತ್ತದೆ. 150, 150, 170 ಸೇರಿ 470. ಅದರ ಮುಂದಿನ ವರ್ಷ 450. ಅಂದರೆ ಪ್ರವೇಶ ಒಂದು ತಲೆಯೂ ಕಮ್ಮಿಯಾಗದಿದ್ದರೂ ಇನ್ನೆರಡು ವರ್ಷ ಆದಾಯ ಇಳಿಯುತ್ತಲೇ ಇರುತ್ತದೆ. ಒಬ್ಬರಿಂದ ಕಾಲೇಜಿಗೆ ವರ್ಷಕ್ಕೆ 10 ಸಾವಿರ ಉಳಿಯುತ್ತದೆ ಎಂದುಕೊಂಡರೆ ಈ ವರ್ಷ 52 ಲಕ್ಷ, ಮುಂದಿನ ವರ್ಷ 47 ಲಕ್ಷ. 22 ಜನರ ವರ್ಷದ ಸಂಬಳವೇ 45.6 ಲಕ್ಷ. ಸುಣ್ಣ ಬಣ್ಣ, ಲ್ಯಾಬು, ಕರೆಂಟು, ವಿಶ್ವವಿದ್ಯಾಲಯದ ಮಾನ್ಯತೆಗೆ ಕಟ್ಟುವ ಸಂಯೋಜನೆ ಶುಲ್ಕ ಎಲ್ಲಿಂದ? ಹಾಗಾಗಿ "ಈ ವರ್ಷ ಹೇಗೋ ತಳ್ಳೋಣ" ಎನ್ನುವವರಿಗೆ ಈ ಮೂರು ಸಾಲು ತೋರಿಸಿ. ಇದು ತಳ್ಳಿದರೆ ಹೋಗುವ ಕಷ್ಟ ಅಲ್ಲ.

ಇದು ನಿಮ್ಮೊಬ್ಬರ ಕಾಲೇಜಿನ ಕಥೆಯೂ ಅಲ್ಲ. 2021ರಲ್ಲಿ ರಾಜ್ಯದಲ್ಲಿ 4 ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ 3 ವರ್ಷಕ್ಕೆ ವಾಪಸ್ ಹೋಯಿತು. ನಾಲ್ಕನೇ ವರ್ಷದ ಶುಲ್ಕ ನಂಬಿ ಬಜೆಟ್ ಮಾಡಿದವರು ಕೈ ಸುಟ್ಟುಕೊಂಡರು. ಅನುದಾನಿತ ಹುದ್ದೆಯಿಂದ ನಿವೃತ್ತರಾದವರ ಜಾಗ ತುಂಬಲು ಸರ್ಕಾರದ ಒಪ್ಪಿಗೆ ಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಅಷ್ಟರವರೆಗೆ ಆ ಪಾಠ ಮಾಡುವವರ ಸಂಬಳ ಮ್ಯಾನೇಜ್‌ಮೆಂಟಿನ ತಲೆ ಮೇಲೆ. ವಿಶ್ವವಿದ್ಯಾಲಯಗಳ ಪಾಡೂ ಅಷ್ಟಕ್ಕಷ್ಟೆ. ಈಚೆಗೆ ಶುರುವಾದ 10 ಹೊಸ ವಿಶ್ವವಿದ್ಯಾಲಯಗಳಲ್ಲಿ 9ನ್ನು ಮುಚ್ಚಬಹುದು ಎಂದು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಹೇಳಿತು. ಮುಖ್ಯ ಕಾರಣ ದುಡ್ಡೇ. ಆದರೂ ಒಂದು ವ್ಯತ್ಯಾಸ ಇದೆ. ವಿಶ್ವವಿದ್ಯಾಲಯದಲ್ಲಿ ಹಣಕಾಸು ಅಧಿಕಾರಿ ಎನ್ನುವ ಹುದ್ದೆಗೆ 2000ದ ಕಾಯ್ದೆಯ ಬೆಂಬಲ ಇದೆ. ಕಾಲೇಜಿನ ಅಕೌಂಟ್ಸ್‌ನವರಿಗೆ ಅಂಥದ್ದೇನೂ ಇಲ್ಲ. ನಿಮ್ಮ ಬೆನ್ನಿಗೆ ಇರುವುದು ನೀವು ಬರೆದಿಟ್ಟ ಕಾಗದ ಅಷ್ಟೇ. ಅದಕ್ಕೇ ಬಾಯಿಮಾತಿನಲ್ಲಿ ಏನನ್ನೂ ಬಿಡಬೇಡಿ ಎನ್ನುತ್ತೇನೆ.

ಬರಬೇಕಾದ ದುಡ್ಡಿನ ಕಡೆ ನೋಡೋಣ. ನಿಮ್ಮ ಡಿಸಿಬಿ ರಿಜಿಸ್ಟರಿನಲ್ಲಿ (ಯಾರಿಂದ ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ ಎಂದು ಬರೆಯುವ ಪುಸ್ತಕ) ಶುಲ್ಕ ಬಾಕಿ ದೊಡ್ಡದಿದೆ, ಅದರಲ್ಲಿ ಬಹುಪಾಲು "ಸ್ಕಾಲರ್‌ಶಿಪ್ ಬಂದ ಮೇಲೆ ಕಟ್ಟುತ್ತೇವೆ" ಎಂದ ಮಕ್ಕಳದು. ಹಿಂದೆ ಈ ದುಡ್ಡು ಕಾಲೇಜಿನ ಖಾತೆಗೆ ಬರುತ್ತಿತ್ತು, ನೀವು ಹೊಂದಿಸಿಕೊಳ್ಳುತ್ತಿದ್ದಿರಿ. ಈಗ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ ಮೂಲಕ ಮಗುವಿನ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ನಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ್ದು ಬರುತ್ತದೆ. ಹಾಗಾಗಿ ಒಂದೇ ಮಗುವಿನ ದುಡ್ಡು ಎರಡು ಕಂತಾಗಿ, ಬೇರೆ ಬೇರೆ ತಿಂಗಳಲ್ಲಿ ಬೀಳಬಹುದು. ಬಿದ್ದದ್ದು ಮನೆಯವರಿಗೇ ಗೊತ್ತಾಗುವುದಿಲ್ಲ. ಗೊತ್ತಾದರೆ ಬೀಜ ಗೊಬ್ಬರಕ್ಕೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ಬೈಯುವಂತಿಲ್ಲ.

ಆದರೆ ಇಲ್ಲೊಂದು ಮುಜುಗರದ ಸತ್ಯ ಇದೆ. ತಡ ಆಗುವುದೆಲ್ಲ ಸರ್ಕಾರದಿಂದಲ್ಲ. ನಾನು ನೋಡಿದ ಕಾಲೇಜುಗಳಲ್ಲಿ ಎಷ್ಟೋ ಅರ್ಜಿಗಳು ನಮ್ಮದೇ ಆಫೀಸಿನಲ್ಲಿ ಕೂತಿರುತ್ತಿದ್ದವು. ದಾಖಲೆಗಳ ಇ-ದೃಢೀಕರಣ (ಆನ್‌ಲೈನ್ ದೃಢೀಕರಣ) ಮಾಡಿರುವುದಿಲ್ಲ. ಆಧಾರ್‌ನಲ್ಲಿ "ಮಂಜುನಾಥ", ಅಂಕಪಟ್ಟಿಯಲ್ಲಿ "ಮಂಜುನಾಥ್ ಕೆ". ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಒಬ್ಬ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಬೇರೆ ಕೆಲಸ ಬಿಡಿಸಿ ಮೂರು ವಾರ ಇದೊಂದೇ ಕೊಡಿ. ಪಟ್ಟಿ ಪ್ರಿಂಟ್ ತೆಗೆದು, ತರಗತಿಗೇ ಹೋಗಿ, ಪ್ರತಿ ಹೆಸರಿನ ಮುಂದೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಬರೆಸಿ. ಹೊಸ ಕೋರ್ಸ್, ಹೊಸ ಬ್ಲಾಕ್ ಅಂತ ಕನಸು ಕಾಣುವುದಕ್ಕಿಂತ ಈ ಕೆಲಸದಿಂದ ಬೇಗ ದುಡ್ಡು ಬರುತ್ತದೆ. ಮಗುವಿನ ಖಾತೆಗೆ ಬಂದ ವಾರವೇ ಅಪ್ಪ ಅಮ್ಮನಿಗೆ ಫೋನ್ ಮಾಡಿ, ಬೇಕಾದರೆ ಎರಡು ಕಂತು ಮಾಡಿಕೊಡಿ. ಹಾಲ್ ಟಿಕೆಟ್ ಹಿಡಿಯುವುದು, ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುವುದು ಬೇಡ. ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಅದಕ್ಕಿಂತ ಹೆಚ್ಚಾಗಿ, ಒಂದು ಮಗುವಿನ ಹಾಲ್ ಟಿಕೆಟ್ ಹಿಡಿದ ಸುದ್ದಿ ಊರಿಗೆ ಹಬ್ಬಿದರೆ ಮುಂದಿನ ಜೂನ್‌ನಲ್ಲಿ 150 ಅಲ್ಲ, 110 ಬರುತ್ತಾರೆ.

ಸಂಬಳಕ್ಕೆ ಬರೋಣ. ಕೈಯಲ್ಲಿರುವ 4 ಲಕ್ಷವನ್ನು ಹೇಗೆ ಹಂಚುವುದು? ಎಲ್ಲರಿಗೂ ಅರ್ಧರ್ಧ ಕೊಡೋಣ ಎಂದು ಕಮಿಟಿ ಹೇಳುತ್ತದೆ. ಕೇಳಲು ನ್ಯಾಯ ಅನ್ನಿಸುತ್ತದೆ, ಆದರೆ ನಾನು ಒಪ್ಪುವುದಿಲ್ಲ. 9 ಸಾವಿರದವಳಿಗೆ ಅರ್ಧ ಸಂಬಳ ಎಂದರೆ ಮನೆ ಬಾಡಿಗೆ ನಿಂತಿತು. 28 ಸಾವಿರದವರಿಗೆ ಅರ್ಧ ಎಂದರೆ ಕಷ್ಟ ಆಯಿತು, ಒಲೆ ನಿಲ್ಲಲಿಲ್ಲ. ಕಸ ಗುಡಿಸುವವರು, ಅಟೆಂಡರ್, ವಾಚ್‌ಮನ್ ಇವರ ಬಾಕಿ ಪೂರ್ತಿ ತೀರಿಸಿ. ಆಮೇಲೆ ಮೇಲೆ ಹೋಗಿ. ಮೇಲಿನವರಿಗೆ ಒಂದು ತಿಂಗಳದ್ದರಲ್ಲಿ ಎಷ್ಟಾಗುತ್ತೋ ಅಷ್ಟು, ಉಳಿದದ್ದಕ್ಕೆ ಒಂದು ತಾರೀಖು. ಇದನ್ನು ಮಂಡಳಿ ನಿರ್ಣಯ ಮಾಡಲಿ, ನೀವು ಟೇಬಲ್ ಹಿಂದೆ ಕೂತು ತೀರ್ಮಾನಿಸಬೇಡಿ.

ಸಿಬ್ಬಂದಿಗೆ ಹೇಳುವ ಕೆಲಸವೂ ನಿಮ್ಮೊಬ್ಬರದಲ್ಲ. "ನೀವೇ ಹೇಳಿಬಿಡಿ" ಎಂದರೆ ಏನರ್ಥ ಗೊತ್ತಲ್ಲ? ಬೈಗುಳ ನಿಮಗಿರಲಿ ಅಂತ. ಪ್ರಿನ್ಸಿಪಾಲರಿಗೆ ಮರ್ಯಾದೆಯಿಂದಲೇ ಹೇಳಿ: "ಸಾರ್, ಸ್ಟಾಫ್ ಮೀಟಿಂಗ್ ಕರೆಯಿರಿ. ನೀವು, ಕಾರ್ಯದರ್ಶಿಗಳು ಮಾತಾಡಿ. ಅಂಕಿ ಕೇಳಿದರೆ ನಾನು ಪಕ್ಕದಲ್ಲೇ ಇರ್ತೀನಿ." ಮೀಟಿಂಗಿನಲ್ಲಿ ಆ ಒಂದು ಪುಟವನ್ನೇ ಹಂಚಿ. ಮಂಡಳಿಗೆ ಒಂದು, ಸಿಬ್ಬಂದಿಗೆ ಇನ್ನೊಂದು ಅಂತ ಎರಡು ಲೆಕ್ಕ ಇದ್ದರೆ ಸಂಜೆಯೊಳಗೆ ಕ್ಯಾಂಟೀನಿನಲ್ಲಿ ಸಿಕ್ಕಿಬೀಳುತ್ತೀರಿ. ತಾರೀಖು ಕೊಡುವಾಗ ಧಾರಾಳ ಬೇಡ. 10ಕ್ಕೆ ಆಗಬಹುದು ಅನ್ನಿಸಿದರೆ 20 ಎನ್ನಿ. ಎರಡು ಸಲ ತಪ್ಪಿದ ತಾರೀಖನ್ನು ಮೂರನೇ ಸಲ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹಾಗೇ, ಉಳಿತಾಯ ಮೇಲಿನಿಂದ ಕಾಣಬೇಕು. ಸಂಬಳ ನಿಂತ ತಿಂಗಳಲ್ಲೇ ಸಂಸ್ಥಾಪಕರ ದಿನಕ್ಕೆ ಶಾಮಿಯಾನ, ಶಾಲು, ಹಾರ, ಫಲತಾಂಬೂಲ ಅಂತ 80 ಸಾವಿರದ ಬಿಲ್ಲು ಪಾಸಾದರೆ ಯಾವ ಪುಟ ಹಂಚಿಯೂ ಪ್ರಯೋಜನ ಇಲ್ಲ. ಬಿಲ್ಲು ಚಿಕ್ಕದಿರಬಹುದು, ಜನ ನೆನಪಿಟ್ಟುಕೊಳ್ಳುವುದು ಅದನ್ನೇ. ಈ ಮಾತನ್ನು ನೀವು ಹೇಳಲಾಗದಿದ್ದರೆ ಮಂಡಳಿಯ ಹಿರಿಯರೊಬ್ಬರ ಬಾಯಲ್ಲಿ ಹೇಳಿಸಿ.

ಕಷ್ಟದ ಸಮಯದಲ್ಲಿ ಒಳ್ಳೆಯ ಮನಸ್ಸಿನವರೇ ಕೊಡುವ ಕೆಟ್ಟ ಸಲಹೆಗಳು ಕೆಲವಿವೆ. "ನಾನೇ 5 ಲಕ್ಷ ಕ್ಯಾಶ್ ಕೊಡ್ತೀನಿ, ಆಮೇಲೆ ವಾಪಸ್ ಕೊಡಿ" ಎಂದು ಅಧ್ಯಕ್ಷರು ಚೀಲ ತಂದರೆ ಕೈಮುಗಿದು ಬೇಡ ಎನ್ನಿ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಳ್ಳುವಂತಿಲ್ಲ. ತಗೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಅವರ ಖಾತೆಯಿಂದ ಕಾಲೇಜಿನ ಖಾತೆಗೆ ಬರಲಿ, ಮಂಡಳಿಯ ನಿರ್ಣಯ ಇರಲಿ. "ಮಕ್ಕಳಿಂದ ಕಟ್ಟಡ ನಿಧಿ ಅಂತ ಎರಡೆರಡು ಸಾವಿರ ಎತ್ತೋಣ" ಎನ್ನುವವರಿಗೆ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ನೆನಪಿಸಿ. ನಿಗದಿಯಾಗದ ಶುಲ್ಕವನ್ನು ವರ್ಷದ ಮಧ್ಯೆ ಎತ್ತುವುದು ಬೆಂಕಿಗೆ ಕೈ ಇಟ್ಟ ಹಾಗೆ.

ಎಫ್‌ಡಿ ಮುರಿಯುವ ವಿಚಾರವೂ ಬರಬಹುದು. ಮುರಿಯುವ ಮೊದಲು ರಸೀದಿಗಳನ್ನು ಹರಡಿಕೊಂಡು ಒಂದೊಂದರ ಹೆಸರು ನೋಡಿ. ಸಂಯೋಜನೆಗಾಗಿ ಜಂಟಿ ಹೆಸರಿನಲ್ಲಿ ಇಟ್ಟದ್ದು, ದತ್ತಿಯದು ಮುಟ್ಟುವಂತಿಲ್ಲ. ಸಂಸ್ಥೆಯ ಸ್ವಂತದ್ದಿದ್ದರೆ ಮುರಿಯುವುದಕ್ಕಿಂತ ಅದರ ಮೇಲೆ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ ತಗೊಳ್ಳುವುದು ವಾಸಿ. ಬಡ್ಡಿ ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಒಂದೆರಡು ಶೇಕಡಾ ಜಾಸ್ತಿ, ಅದೂ ಬಳಸಿದಷ್ಟಕ್ಕೆ, ಬಳಸಿದ ದಿನಕ್ಕೆ ಮಾತ್ರ. ಆದರೆ ಓಡಿ ಇರುವುದು ಜನವರಿಯಲ್ಲಿ ತಗೊಂಡು ಜೂನ್‌ನಲ್ಲಿ ತೀರಿಸುವ ಕೊರತೆಗೆ. 470, 450 ಎಂದು ಇಳಿಯುವ ಕೊರತೆಗೆ ಓಡಿ ತಗೊಂಡರೆ ಎಫ್‌ಡಿ ನಿಧಾನವಾಗಿ ಕರಗುತ್ತದೆ, ಅಷ್ಟೇ.

ನಿಮ್ಮ ಟ್ರಯಲ್ ಬ್ಯಾಲೆನ್ಸಿನಲ್ಲಿ ಇಲ್ಲದ ಒಂದು ಸಾಲ ಇದೆ. ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡಬೇಕಾದ ಮೊತ್ತ. ಮೇಷ್ಟ್ರುಗಳಿಗೆ ಇದು ಅನ್ವಯ ಆಗುವುದಿಲ್ಲ ಎಂದು ಹಳೆಯ ಮಂಡಳಿಗಳು ಇನ್ನೂ ನಂಬಿಕೊಂಡಿವೆ. 2009ರ ತಿದ್ದುಪಡಿ ಅವರನ್ನು ಒಳಗೆ ತಂದಿತು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯ ಆಗುವಂತೆ. ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಲೆಕ್ಕ ಸುಲಭ. ಕೊನೆಯ ಸಂಬಳ 26 ಸಾವಿರ ಆದರೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, 15 ಸಾವಿರ. 20 ವರ್ಷ ಕೆಲಸ ಮಾಡಿದ್ದರೆ 3 ಲಕ್ಷ. ಕೊಡಬೇಕಾದದ್ದು 30 ದಿನದಲ್ಲಿ. ನಿಮ್ಮ 22 ಜನರಲ್ಲಿ ಮುಂದಿನ 3 ವರ್ಷದಲ್ಲಿ ಯಾರು ಯಾರು ನಿವೃತ್ತರಾಗುತ್ತಾರೆ, ಪಟ್ಟಿ ಮಾಡಿ. ಆ ಅಂಕಿಯೂ ಪುಟದ ಕೆಳಗೆ ಬರಲಿ. ಮಂಡಳಿಯವರ ಮುಖ ಬಾಡುತ್ತದೆ. ಬಾಡಲಿ, ಈಗಲೇ ಬಾಡುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೂ ಅಧ್ಯಕ್ಷರು "ನಾನು ಹೇಳಿದಂತೆ ಮಾಡಿ, ಪಿಎಫ್ ಬಿಡಿ" ಎಂದರೆ? ಆಗಲೂ ಜಗಳ ಬೇಡ, ರಾಜೀನಾಮೆಯೂ ಬೇಡ. ಮನೆಯಲ್ಲಿ ಮಕ್ಕಳಿದ್ದಾರೆ, ಗೊತ್ತು. ಕಡತದಲ್ಲಿ ಟಿಪ್ಪಣಿ ಇಡಿ. ಭಾಷೆ ತಣ್ಣಗಿರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಅಧ್ಯಕ್ಷರ ಮೌಖಿಕ ಸೂಚನೆಯಂತೆ ಪಿಎಫ್ ಮೊತ್ತವನ್ನು ಸಂಬಳಕ್ಕೆ ಬಳಸುವ ವಿಷಯ. ಸದರಿ ಮೊತ್ತ ಸಿಬ್ಬಂದಿಗೆ ಸೇರಿದ್ದು. 15ರೊಳಗೆ ಕಟ್ಟದಿದ್ದರೆ ಬಡ್ಡಿ, ದಂಡ ಹಾಗೂ ಕ್ರಿಮಿನಲ್ ಕ್ರಮಕ್ಕೆ ಅವಕಾಶವಿದೆ. ಬದಲಿಗೆ ಸಂಸ್ಥೆಯ ಎಫ್‌ಡಿ ಮೇಲೆ ಓಡಿ ಪಡೆಯಬಹುದು. ಲಿಖಿತ ಆದೇಶ ಕೋರಿ ಮಂಡಿಸಿದೆ."

ಕೆಳಗೆ ಸಹಿ, ತಾರೀಖು. ಪ್ರಿನ್ಸಿಪಾಲರ ಮೂಲಕವೇ ಹೋಗಲಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನನ್ನ ಅನುಭವದಲ್ಲಿ ಇಂಥ ಟಿಪ್ಪಣಿಯ ಮೇಲೆ "ಹಾಗೇ ಮಾಡಿ" ಎಂದು ಬರೆದು ಸಹಿ ಹಾಕಿದವರನ್ನು ನಾನು ನೋಡಿಲ್ಲ. ಕಡತ ಎರಡು ದಿನ ಮೇಜಿನ ಮೇಲೆ ಇರುತ್ತದೆ. ಮೂರನೇ ದಿನ "ಓಡಿಗೆ ಬ್ಯಾಂಕಿನವರನ್ನು ಕೇಳಿ" ಅಂತ ಫೋನ್ ಬರುತ್ತದೆ.

ನಿಮ್ಮ ಪತ್ರದಲ್ಲಿ 9ನೇ ತಾರೀಖು ಇದೆ. 15ಕ್ಕೆ ಹೆಚ್ಚು ದಿನ ಉಳಿದಿಲ್ಲ. ಮೊದಲು ಚಲನ್ ತೆಗೆದು ಕಟ್ಟಿ. ಪುಟ ಬರೆಯೋಕೆ ಅವತ್ತೇ ಸಂಜೆ ಕೂತ್ಕೊಳ್ಳಿ.